ಬ್ಯಾಚಿಗೊಬ್ಬ ಅಡ್ಮಿನ್

ಪ್ರತಿ ಬ್ಯಾಚಿನಲ್ಲೂ ಒಬ್ಬ ರ‍್ಯಾಂಕ್ ಹುಡುಗ ಇರುತ್ತಾನೆ, ಒಬ್ಬ ಕ್ರಿಕೆಟ್ ಹುಚ್ಚ ಇರುತ್ತಾನೆ, ಲೈಬ್ರರಿ ಪುಸ್ತಕದೊಳಗೆ ಚೀಟಿ ಇಟ್ಟು ಸಿಕ್ಕಿಬಿದ್ದವನೊಬ್ಬ ಇರುತ್ತಾನೆ. ಇವರು ಯಾರು ಯಾರು ಅಂತ ಮೊದಲ ವರ್ಷವೇ ಕಾಲೇಜಿಗೆಲ್ಲ ಗೊತ್ತಾಗಿರುತ್ತದೆ. ಬ್ಯಾಚಿನ ಅಡ್ಮಿನ್ ಯಾರು ಅನ್ನುವುದು ಮಾತ್ರ ಎಲ್ಲರ ತಲೆ ಬೆಳ್ಳಗಾಗುವ ತನಕ ಹೊರಬೀಳುವುದಿಲ್ಲ. ಹೊರಬಿದ್ದ ದಿನ ಎಲ್ಲರೂ ಕೇಳುವುದು ಒಂದೇ ಮಾತು: "ಇವ್ನು ನಮ್ ಕ್ಲಾಸಲ್ಲಿದ್ನಾ?"

ಇದ್ದ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1985ಕ್ಕೆ ಬಿ.ಎಸ್ಸಿ. ಮುಗಿಸಿದ ನಮ್ಮ ಪಿ.ಸಿ.ಎಂ. ಬ್ಯಾಚಿನಲ್ಲಿ, ಕಿಟಕಿಯ ಕಡೆ, ಕೊನೆಯಿಂದ ಎರಡನೇ ಬೆಂಚಿನಲ್ಲಿ ಇದ್ದ. ಕೊನೇ ಬೆಂಚಿಗಾದರೂ ಒಂದು ಹೆಸರಿದೆ. ಕೊನೆಯಿಂದ ಎರಡನೆಯದಕ್ಕೆ ಅದೂ ಇಲ್ಲ. ಅವನಿಗೆ ಒಲಿದಿದ್ದ ವಿದ್ಯೆ ಒಂದೇ, ಪ್ರಾಕ್ಸಿ. ಗಾಂಧಿ ಬಜಾರಿನಲ್ಲಿ ಕಾಫಿ ಹೀರುತ್ತ ಕೂತವರಿಗೆ, ಮ್ಯಾಟಿನಿಗೆ ಹೋದವರಿಗೆ, ಬೇರೆ ಕ್ಲಾಸಿನ ಹುಡುಗಿಯನ್ನು ಬಸ್ ಸ್ಟಾಪಿನವರೆಗೆ ಬಿಡಲು ಹೋದವರಿಗೆಲ್ಲ ಬೇರೆ ಬೇರೆ ದನಿಯಲ್ಲಿ "ಪ್ರೆಸೆಂಟ್ ಸಾರ್" ಹೇಳುತ್ತಿದ್ದ. ಅಷ್ಟು ಹೊತ್ತಿಗೆ ದನಿಗಳೆಲ್ಲ ಖರ್ಚಾಗಿ ತನ್ನ ನಂಬರು ಬಂದಾಗ ಸುಮ್ಮನೆ ಕೂತಿರುತ್ತಿದ್ದ. ವರ್ಷದ ಕೊನೆಗೆ ಅಟೆಂಡೆನ್ಸ್ ಶಾರ್ಟೇಜ್ ಬಂದದ್ದು ಅವನೊಬ್ಬನಿಗೇ.

ಡಿಗ್ರಿ ಆದಮೇಲೆ ಅವನು ಸೇರಿದ್ದು ಸಾರ್ವಜನಿಕ ವಲಯದ ಒಂದು ಕಾರ್ಖಾನೆಯ ಟೈಮ್ ಆಫೀಸಿಗೆ. ಪಂಚಿಂಗ್ ಕಾರ್ಡು, ಲೇಟು, ಹಾಫ್ ಡೇ, ಓ.ಟಿ., ಗೈರುಹಾಜರಿ. ಯಾರು ಬಂದರು, ಯಾರು ಬರಲಿಲ್ಲ, ಯಾರು ಬಂದೂ ಕೆಲಸ ಮಾಡಲಿಲ್ಲ ಅನ್ನುವುದನ್ನು ಗುರುತು ಹಾಕುವುದಕ್ಕೇ ಸಂಬಳ. ಕಾರ್ಖಾನೆಯವರು ವಿ.ಆರ್.ಎಸ್. ಕೊಟ್ಟು ಮನೆಗೆ ಕಳಿಸಿದ ಮೇಲೆ ಕೈಯಲ್ಲಿ ದುಡ್ಡಿತ್ತು, ಹೊತ್ತಿತ್ತು, ಗುರುತು ಹಾಕಲು ಮಾತ್ರ ಜನ ಇರಲಿಲ್ಲ. ಅಷ್ಟರಲ್ಲಿ ವಾಟ್ಸಾಪ್ ಬಂತು.

ಅವನ ಮನೆಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಅವನು ಕೋಣನಕುಂಟೆಯಲ್ಲಿ ಥರ್ಟಿ ಫಾರ್ಟಿ ಸೈಟು ಕೊಂಡು ಶೀಟಿನ ಮನೆ ಕಟ್ಟಿದ. ಸುತ್ತ ರಾಗಿ ಹೊಲ, ಬೋರ್‌ವೆಲ್ ನೀರು, ಬೀದಿ ದೀಪಕ್ಕೆ ಕಂಬ ಮಾತ್ರ. ಗೃಹಪ್ರವೇಶಕ್ಕೆ ಕರೆಯಲು ಬಂದಾಗ ನಮ್ಮ ಚಾಮರಾಜಪೇಟೆ, ಹನುಮಂತನಗರ, ಎನ್.ಆರ್. ಕಾಲೊನಿ ಹುಡುಗರು ಅವನನ್ನು ಹುರಿದು ಮುಕ್ಕಿದರು. "ಕೋಣನಕುಂಟೆಯಾ? ಇವತ್ತು ಹೊರಟ್ರೆ ನಾಳೆ ಊಟಕ್ಕೆ ಸೇರ್ತೀವಾ?" "ವೀಸಾ ಬೇಕೇನೋ?" ಹೆಚ್ಚಿನವರು ಹೋಗಲಿಲ್ಲ. ಬನಶಂಕರಿ ದೇವಸ್ಥಾನ ದಾಟಿದರೆ ಬೆಂಗಳೂರು ಮುಗಿಯಿತು ಅಂತ ನಂಬಿದ್ದ ಕಾಲ ಅದು. ಸಾರಕ್ಕಿ ಅಂದರೆ ತರಕಾರಿ ಬರುವ ದಿಕ್ಕು, ಅದರಾಚೆ ಮನುಷ್ಯರೂ ಇರುತ್ತಾರೆ ಅಂತ ಯಾರೂ ಯೋಚಿಸಿರಲಿಲ್ಲ.

ಆಮೇಲೆ ಏನಾಯಿತು ಅಂದರೆ, ಹುರಿದು ಮುಕ್ಕಿದವರ ಅಪ್ಪಂದಿರು ಒಬ್ಬೊಬ್ಬರಾಗಿ ಹೋದರು. ಹೆಂಚಿನ ಮನೆ, ಮುಂದೆ ಜಗಲಿ, ಹಿಂದೆ ಸೀಬೆಮರ ಇದ್ದ ಆ ಬಸವನಗುಡಿ ಆಸ್ತಿಗಳನ್ನು ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂತು ಪಾಲು ಮಾಡಿದರು. ಒಂದು ಮನೆಯನ್ನು ಐದು ಭಾಗ ಮಾಡಲು ಗೋಡೆ ಸಾಲುವುದಿಲ್ಲ, ಬಿಲ್ಡರೇ ಬರಬೇಕು. ಬಿಲ್ಡರ್ ಬಂದ. ಪಾಲಿಗೆ ಬಂದ ದುಡ್ಡಿನಲ್ಲಿ ಗಾಂಧಿ ಬಜಾರಿನ ಹತ್ತಿರ ಬಚ್ಚಲುಮನೆಯಷ್ಟು ಜಾಗವೂ ಸಿಗುವಂತಿರಲಿಲ್ಲ. ಎಲ್ಲರೂ ಕನಕಪುರ ರಸ್ತೆಯಲ್ಲಿ ಫ್ಲ್ಯಾಟ್ ಕೊಂಡರು. ಮೆಟ್ರೊ 2017ರಲ್ಲಿ ಯಲಚೇನಹಳ್ಳಿವರೆಗೆ ಬಂತು, 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆವರೆಗೆ ಬೆಳೆಯಿತು, ಕೋಣನಕುಂಟೆ ಕ್ರಾಸಿಗೆ ಒಂದು ಸ್ಟೇಷನ್ನೂ ಬಂತು. ಸ್ಟೇಷನ್ನಿನ ಬದಿಗೆ ಮಾಲೂ ಬಂತು. ಈಗ ಅಲ್ಲಿ ಹಸಿರು ಮಾರ್ಗದ ರೈಲು ಹತ್ತಿದರೆ ಇಳಿದು ಹತ್ತುವ ಗೋಜಿಲ್ಲದೆ ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಇಳಿಯಬಹುದು. ನಾವು ಓದುವಾಗ ಕಾಲೇಜಿನ ಎದುರೇ ಮನೆ ಇದ್ದವನು ದಿನಾ ಲೇಟಾಗಿ ಬರುತ್ತಿದ್ದ. ಅವನು ಈಗ ವಜರಹಳ್ಳಿಯಲ್ಲಿದ್ದಾನೆ.

ನಲವತ್ತು ವರ್ಷದ ಪುನರ್ಮಿಲನ ಎಲ್ಲಿ ಅನ್ನುವ ಚರ್ಚೆ ಶುರುವಾದಾಗ ಅಡ್ಮಿನ್ ಟೈಮ್ ಆಫೀಸಿನವನಂತೆಯೇ ಲೆಕ್ಕ ಹಾಕಿದ. ಯಾರು ಎಲ್ಲಿದ್ದಾರೆ ಅಂತ ಪಟ್ಟಿ ಮಾಡಿ ಬ್ಯಾಚಿನ ನಟ್ಟನಡು ಎಲ್ಲಿ ಬೀಳುತ್ತದೆ ಅಂತ ನೋಡಿದ. ಕೋಣನಕುಂಟೆಯಲ್ಲಿ ಬಿತ್ತು. ಅವನ ಮನೆಯಿಂದ ನಡೆದು ಹೋಗುವಷ್ಟು ದೂರದ ಪಾರ್ಟಿ ಹಾಲಿನ ಮೇಲೇ ಬಿತ್ತು ಅನ್ನುವುದು ಕಾಕತಾಳೀಯ ಅಂತ ಅವನು ಹೇಳುತ್ತಾನೆ. ಇಷ್ಟು ವರ್ಷ ಕಾದವನಿಗೆ ಅಷ್ಟು ಕಾಕತಾಳೀಯ ಸಲ್ಲಬೇಕಾದದ್ದೇ.

ಈ ಜಾತಿಯ ಮನುಷ್ಯನನ್ನು ಗುರುತಿಸುವುದು ಸುಲಭ. ಅವನ ಫೋನಿನಲ್ಲಿ ಒಂದು ಬ್ಯಾಚಿಗೆ ಮೂರು ಗ್ರೂಪು ಇರುತ್ತವೆ: ಒಂದು ಎಲ್ಲರದ್ದು, ಒಂದು ಕಮಿಟಿಯದ್ದು, ಇನ್ನೊಂದು ಕಮಿಟಿಯಲ್ಲಿ ಖಜಾಂಚಿಯನ್ನು ಬಿಟ್ಟು ಉಳಿದವರದ್ದು. "ರಾಜಕೀಯ ಬೇಡ, ಜಾತಿ ಬೇಡ, ಫಾರ್ವರ್ಡ್ ಬೇಡ" ಅಂತ ವಾರಕ್ಕೊಮ್ಮೆ ಫಾರ್ವರ್ಡ್ ಮಾಡುತ್ತಾನೆ. ಪ್ರತಿ ಚುನಾವಣೆಗೂ ಗ್ರೂಪಿನಿಂದ ಇಬ್ಬರು ಸಿಟ್ಟು ಮಾಡಿಕೊಂಡು ಹೊರಗೆ ಹೋಗುತ್ತಾರೆ, ಒಬ್ಬ ಈ ಪಕ್ಷದವನು, ಒಬ್ಬ ಆ ಪಕ್ಷದವನು. ಫಲಿತಾಂಶ ಬಂದ ಮಾರನೇ ದಿನ ಇವನು ಇಬ್ಬರಿಗೂ ಫೋನ್ ಮಾಡುತ್ತಾನೆ. "ಬಾರೋ, ಐದು ವರ್ಷ ಯಾರ್ ಕಾಯ್ತಾರೆ?" ಇಬ್ಬರೂ ಬರುತ್ತಾರೆ.

ಸಹಪಾಠಿ ಹೆಣ್ಣುಮಕ್ಕಳನ್ನು ಹುಡುಕಿದ್ದು ಅವನ ಜೀವಮಾನದ ಸಾಧನೆ. ಗಂಡಸರು ಎಲ್ಲಿದ್ದರೂ ಅದೇ ಹೆಸರಿನಲ್ಲಿ ಸಿಗುತ್ತಾರೆ. ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಇನಿಷಿಯಲ್ ಬದಲು, ಮನೆತನದ ಹೆಸರು ಬದಲು, ಕೆಲವರಿಗೆ ಹೆಸರೇ ಬದಲು. ಇವನು ಹಳೆಯ ವಿಳಾಸಕ್ಕೆ ಹೋಗಿ, ಅಲ್ಲಿ ಮನೆಯೇ ಇಲ್ಲದಿದ್ದರೆ ಮೂಲೆಯ ದಿನಸಿ ಅಂಗಡಿಯಲ್ಲಿ ಕೇಳಿ, ಅಂಗಡಿಯೂ ಇಲ್ಲದಿದ್ದರೆ ಹೂವಿನವಳನ್ನು ಕೇಳಿ ಪತ್ತೆ ಹಚ್ಚಿದ. ಹೂವಿನವಳಿಗೆ ಎಲ್ಲ ಗೊತ್ತಿತ್ತು. ಒಬ್ಬರ ಮನೆಗೆ ಹೋದಾಗ ಅವರ ಯಜಮಾನರೇ ಬಾಗಿಲು ತೆಗೆದು ಇವನನ್ನು ಮೇಲಿಂದ ಕೆಳಗೆ ನೋಡಿ, "ಚೀಟಿ ಇಟ್ಟೋರು ನೀವೇನಾ?" ಅಂತ ಕೇಳಿದರಂತೆ. ಇವನು ಅಲ್ಲ ಅಂದದ್ದಷ್ಟೇ ಅಲ್ಲ, ಇಟ್ಟವನ ಫೋನ್ ನಂಬರನ್ನೂ ಕೊಟ್ಟು ಬಂದ. ಹೀಗೆ ಗ್ರೂಪಿಗೆ ಬಂದವರನ್ನು ನಮ್ಮ ಗಂಡಸರು "ಏನ್ರೀ, ಚೆನ್ನಾಗಿದ್ದೀರಾ?" ಅಂತಲೇ ಮಾತಾಡಿಸುತ್ತಾರೆ. ಮೂರು ವರ್ಷ ಒಂದೇ ಲ್ಯಾಬಿನಲ್ಲಿ ಟೈಟ್ರೇಷನ್ ಮಾಡಿದವರಿಗೆ ಇವತ್ತಿಗೂ ಏಕವಚನ ಬರುವುದಿಲ್ಲ.

ದಿನ ಗೊತ್ತು ಮಾಡುವುದಿದೆಯಲ್ಲ, ಅದು ಮದುವೆಯ ಮುಹೂರ್ತಕ್ಕಿಂತ ಕಷ್ಟ. ಒಬ್ಬಳಿಗೆ ಮಗಳ ಬಾಣಂತನ, ಒಬ್ಬನಿಗೆ ಮಂಡಿ ಆಪರೇಷನ್, ಇನ್ನೊಬ್ಬನಿಗೆ ಮೊಮ್ಮಗನ ಶಾಲೆಗೆ ರಜೆ ಬಂದರೇ ಬಿಡುಗಡೆ. ಅಡ್ಮಿನ್ ಹಾಲಿನವನನ್ನು ಕೇಳಿಕೊಂಡು ಬಂದು ಆಷಾಢದ ಭಾನುವಾರ ಅಂದುಬಿಟ್ಟ. ಆಷಾಢದಲ್ಲಿ ಮದುವೆ ಇಲ್ಲ, ಹಾಲುಗಳು ನೊಣ ಹೊಡೆಯುತ್ತಿರುತ್ತವೆ, ಬಾಡಿಗೆಗೆ ಚೌಕಾಸಿ ನಡೆಯುತ್ತದೆ, ಒಳ್ಳೆ ಅಡುಗೆಯವರೂ ಕೈ ಖಾಲಿ ಕೂತಿರುತ್ತಾರೆ. ತಕ್ಷಣ ಗ್ರೂಪಿನಲ್ಲಿ ಗದ್ದಲ. "ಆಷಾಢದಲ್ಲಿ ಗುರುವಂದನೆಯಾ? ಅಶುಭ." ಅವನು ಉತ್ತರಿಸಿದ್ದು ಒಂದೇ ಸಾಲು: "ಗುರುಪೂರ್ಣಿಮೆ ಬರೋದೇ ಆಷಾಢದಲ್ಲಿ ಸ್ವಾಮಿ." ಗದ್ದಲ ನಿಂತಿತು. 2025ರಲ್ಲಿ ಗುರುಪೂರ್ಣಿಮೆ ಜುಲೈ 10, ಗುರುವಾರ. ಅದರ ಮುಂದಿನ ಭಾನುವಾರವೇ ಗಟ್ಟಿಯಾಯಿತು.

ಗ್ರೂಪ್ ಫೋಟೊ ಎಷ್ಟು ಹೊತ್ತಿಗೆ ಅನ್ನುವುದರ ಮೇಲೆ ಇನ್ನೊಂದು ಸುತ್ತು. ಬೆಳಕು ಇಳಿದ ಮೇಲೆ ಐದಕ್ಕೆ ಚೆನ್ನಾಗಿರುತ್ತದೆ ಅಂದ ಫೋಟೊಗ್ರಾಫರ್. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ ಅಂದರು ನಮ್ಮವರು. ಎಚ್. ನರಸಿಂಹಯ್ಯನವರ ಕಾಲೇಜಿನಲ್ಲಿ ಓದಿದವರು ಇವರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡ, ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ಮಾಡಿ ದೇಶವೆಲ್ಲ ಮಾತಾಡುವಂತೆ ಮಾಡಿದವರು ಅವರು. ಬೆಂಗಳೂರು ಸೈನ್ಸ್ ಫೋರಂ ಕಟ್ಟಿದವರು, ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕು ಮುಗಿಸಿದವರು. ಅವರ ಭಾವಚಿತ್ರ ಹಾಲಿನ ವೇದಿಕೆ ಮೇಲೆ ಇರಲೇಬೇಕು ಅಂತ ಎಲ್ಲರೂ ಒಕ್ಕೊರಲಿನಿಂದ ಒಪ್ಪಿದರು. ಆ ಭಾವಚಿತ್ರವೂ ಸೇರಿ ಗ್ರೂಪ್ ಫೋಟೊ ನಾಲ್ಕೂ ಕಾಲಿಗೇ ತೆಗೆಯುವುದು ಅಂತಲೂ ಒಪ್ಪಿದರು.

ಟೀ ಶರ್ಟಿನ ಐಡಿಯಾ ಕ್ಯಾಲಿಫೋರ್ನಿಯಾ ಸೇರಿದ ನಮ್ಮ ಸಹಪಾಠಿಯೊಬ್ಬನದು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಹಳೇ ವಿದ್ಯಾರ್ಥಿಗಳು ಪ್ರತಿ ವರ್ಷ ಬ್ಯಾಚುವಾರು ಕೋಟು ತೊಟ್ಟು ಮೆರವಣಿಗೆ ಹೋಗುತ್ತಾರಂತೆ, ನಾವೂ ಹಾಗೆ ಮಾಡಬಾರದೇಕೆ ಅಂದ. ಕನಕಪುರ ರಸ್ತೆಯಲ್ಲಿ ಮೆರವಣಿಗೆ ಹೊರಟರೆ ಹಿಂದೆ ಬನಶಂಕರಿವರೆಗೆ ಬಸ್ಸು ನಿಲ್ಲುತ್ತದೆ ಅಂತ ಅಡ್ಮಿನ್ ಮೆರವಣಿಗೆ ಕೈಬಿಡಿಸಿ ಟೀ ಶರ್ಟು ಉಳಿಸಿಕೊಂಡ. ಸೈಜು ಕಳಿಸಿ ಅಂದ. ಒಬ್ಬೊಬ್ಬರೂ ಮೀಡಿಯಂ ಅಂದರು. ಲಾರ್ಜ್ ಅಂದವರು ಇಬ್ಬರೋ ಮೂವರೋ, ಅದೂ "ಒಗೆದರೆ ಕುಗ್ಗಬಹುದು" ಅನ್ನುವ ಕಾರಣ ಸಮೇತ. ಅಡ್ಮಿನ್ ಯಾರಿಗೂ ಏನೂ ಹೇಳದೆ ಎಲ್ಲರಿಗೂ ಎಕ್ಸೆಲ್, ಡಬಲ್ ಎಕ್ಸೆಲ್ ಹೊಲಿಸಿ ಕಾಲರಿನ ಲೇಬಲ್ ಕತ್ತರಿಸಿಬಿಟ್ಟ. "ಮದುವೆ ಕಾಲದ ಅಳತೆ ಕೊಟ್ಟಿದ್ದಾರೆ ಕಣೋ" ಅಂತ ನನ್ನ ಕಿವಿಯಲ್ಲಿ ಹೇಳಿದ. ಆ ದಿನ ಎಲ್ಲರೂ ಕನ್ನಡಿಯಲ್ಲಿ ನೋಡಿಕೊಂಡು, "ನೋಡು, ಮೀಡಿಯಮ್ಮೇ ಸರಿಯಾಗಿದೆ" ಅಂದರು. ನಲವತ್ತು ವರ್ಷದ ಸ್ನೇಹದ ಬಗ್ಗೆ ಅಂದು ಎಷ್ಟೋ ಭಾಷಣಗಳಾದವು; ನನಗೆ ಆ ಕತ್ತರಿಸಿದ ಲೇಬಲ್ಲುಗಳೇ ಹೆಚ್ಚು ಹೇಳಿದವು.

ಹಾಲಿಗೆ ದಾರಿ ಹೇಳುವುದೇ ಅರ್ಧ ದಿನದ ಕೆಲಸ. ಕೋಣನಕುಂಟೆ ಕ್ರಾಸೇ ಬೇರೆ, ಕೋಣನಕುಂಟೆಯೇ ಬೇರೆ. ಕ್ರಾಸ್ ದೊಡ್ಡ ರಸ್ತೆಯ ಮೇಲಿದೆ, ಊರು ಒಳಗಿದೆ. ಮೆಟ್ರೊ ಇಳಿದವರೆಲ್ಲ ಮಾಲಿನ ಮುಂದೆ ನಿಂತು "ಬಂದ್ವಿ, ಎಲ್ಲಿದ್ದೀಯ?" ಅಂತ ಫೋನ್ ಮಾಡಿದರು. ಲೊಕೇಶನ್ ಕಳಿಸಿದ್ದೆನಲ್ಲ ಅಂದರೆ, "ಅದು ನೋಡೋಕೆ ಕನ್ನಡಕ ತಂದಿಲ್ಲ." ಕೊನೆಗೆ ಅಡ್ಮಿನ್ ತನ್ನ ಸ್ಕೂಟರಿನಲ್ಲಿ ಒಬ್ಬೊಬ್ಬರನ್ನೇ ಕ್ರಾಸಿನಿಂದ ಸಾಗಿಸಿದ. ರಿಟೈರ್ಡ್ ಡೆಪ್ಯುಟಿ ಕಮಿಷನರ್ ಒಬ್ಬರು ಆ ಸ್ಕೂಟರಿನ ಹಿಂದೆ, ಟೀ ಶರ್ಟು ತೊಟ್ಟು, ಕೈಯಲ್ಲಿ ಹಾರದ ಚೀಲ ಹಿಡಿದು ಬಂದರು. ಗೃಹಪ್ರವೇಶಕ್ಕೆ ವೀಸಾ ಕೇಳಿದವರು ಅವರೇ. ಇವನು ಆ ಮಾತೆತ್ತಲಿಲ್ಲ. ಹಾಲಿನ ಮುಂದೆ ಇಳಿಸಿ, "ಹುಷಾರು, ಮೆಟ್ಟಿಲಿದೆ" ಅಂದ ಅಷ್ಟೇ.

ಪರಿಚಯ ಮಾಡಿಕೊಳ್ಳುವ ಕಾರ್ಯಕ್ರಮ ಉದ್ದವಾಯಿತು, ಏಕೆಂದರೆ ಎಲ್ಲರಿಗೂ ಈಗ ತಾನೇ ನಿವೃತ್ತಿಯಾಗಿದೆ, ಯಾರಾದರೂ ಕೇಳಲಿ ಅಂತ ಕಾದಿದ್ದಾರೆ. ಒಬ್ಬ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿಗೆ ಸೇರಿ ಎಸ್.ಬಿ.ಐ.ನಲ್ಲಿ ರಿಟೈರ್ ಆದವನು, ಒಬ್ಬ ವಿಜಯಾ ಬ್ಯಾಂಕಿಗೆ ಸೇರಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಒಬ್ಬಳು ಕಾರ್ಪೊರೇಷನ್ ಬ್ಯಾಂಕಿಗೆ ಸೇರಿ ಯೂನಿಯನ್ ಬ್ಯಾಂಕಿನಲ್ಲಿ. ಕುರ್ಚಿಯಿಂದ ಯಾರೂ ಏಳಲಿಲ್ಲ, ಕೆಳಗಿದ್ದ ಬ್ಯಾಂಕೇ ಬದಲಾಯಿತು. ಕೆನರಾದವನು ಎದೆಯುಬ್ಬಿಸಿ "ನಮ್ಮದು ಅದೇ ಹೆಸರು" ಅಂದ; ಪಕ್ಕದಲ್ಲಿ ಕೂತ ಸಿಂಡಿಕೇಟಿನವನು ಅವನನ್ನು ನೋಡಿದ ನೋಟದಲ್ಲಿ 2020ರ ಏಪ್ರಿಲ್ ಒಂದನೇ ತಾರೀಕು ಇನ್ನೂ ಇತ್ತು. ಎಚ್.ಎಂ.ಟಿ.ಯಲ್ಲಿ ಗಡಿಯಾರ ಮಾಡಿದವನು ಹೆಚ್ಚು ಹೇಳಲಿಲ್ಲ. ಕೈ ಎತ್ತಿ ವಾಚು ತೋರಿಸಿದ, ಚಪ್ಪಾಳೆ ಬಿತ್ತು. ಕ್ಯಾಲಿಫೋರ್ನಿಯಾದವನು ವಿಡಿಯೊ ಕಾಲಿನಲ್ಲಿ ಬಂದ. ಇಲ್ಲಿ ಹನ್ನೊಂದು ಗಂಟೆ, ಅಲ್ಲಿ ಹಿಂದಿನ ರಾತ್ರಿ ಹತ್ತೂವರೆ. ಪಿಸುಮಾತಿನಲ್ಲಿ ಮಾತಾಡಿದ, ಮನೆಯವರೆಲ್ಲ ಮಲಗಿದ್ದರು. ನಮಗೆ ಕಂಡದ್ದು ಅವನ ಗದ್ದ ಮತ್ತು ಒಂದು ದೀಪ. ನಾಲ್ಕು ದಶಕದಲ್ಲಿ ಏನು ಕಳೆದುಕೊಂಡೆ ಅಂತ ಕೇಳಿದರೆ ವಿದ್ಯಾರ್ಥಿ ಭವನದ ದೋಸೆ ಅಂದ. ಗಾಂಧಿ ಬಜಾರು ಬಿಟ್ಟು ಹೋದವರೂ ಅದನ್ನೇ ಅನ್ನುತ್ತಾರೆ. ವಜರಹಳ್ಳಿಯವನಿಗೂ ಭಾನುವಾರದ ಕ್ಯೂ ನೋಡಿದರೆ ಅದು ಕ್ಯಾಲಿಫೋರ್ನಿಯಾದಷ್ಟೇ ದೂರ.

ಗುರುವಂದನೆಗೆ ಮೂವರು ಮೇಷ್ಟ್ರು ಬಂದಿದ್ದರು, ಮೂವರಿಗೂ ಎಂಬತ್ತು ದಾಟಿದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಪೇಟ ಒಬ್ಬರಿಗೆ ಕಣ್ಣವರೆಗೆ ಇಳಿಯಿತು, ಇನ್ನೊಬ್ಬರಿಗೆ ತಲೆಯ ತುದಿಯಲ್ಲಿ ನಿಂತಿತು. ಅದಕ್ಕೆ ಮಾತ್ರ ಅಡ್ಮಿನ್ ಸೈಜು ಕೇಳಿರಲಿಲ್ಲ. ಫಿಸಿಕ್ಸ್ ಮೇಷ್ಟ್ರಿಗೆ ಎರಡು ಮಾತಾಡಿ ಸಾರ್ ಅಂತ ಮೈಕ್ ಕೊಟ್ಟರೆ, "ಮಾತು ಆಮೇಲೆ, ಮೊದಲು ಅಟೆಂಡೆನ್ಸ್" ಅಂದರು. ತಮಾಷೆಗೆ ಅಂದದ್ದು. ಆದರೆ ಅಡ್ಮಿನ್ ಜೇಬಿನಿಂದ ಮಡಿಸಿದ ಕಾಗದ ತೆಗೆದು ಅವರ ಕೈಗಿಟ್ಟ. 1985ರ ರೋಲ್ ನಂಬರುಗಳು, ಒಂದರಿಂದ ಕೊನೆಯವರೆಗೆ, ನೆನಪಿನಿಂದ ಬರೆದದ್ದು.

ಮೇಷ್ಟ್ರು ಕೂಗುತ್ತ ಹೋದರು. ಶುರುವಿನಲ್ಲಿ ನಗು, ಶಿಳ್ಳೆ. ರಿಟೈರ್ಡ್ ಡೆಪ್ಯುಟಿ ಕಮಿಷನರ್ ಎದ್ದು ನಿಂತು ಹೇಳಿದರು. ಮೂವತ್ತೇಳನೇ ನಂಬರಿಗೆ ಯಾರೂ ಹೇಳಲಿಲ್ಲ. ಅವನು 2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೇ ಅಲೆಯಲ್ಲಿ ಹೋದವನು, ಮೇಷ್ಟ್ರಿಗೆ ಗೊತ್ತಿರಲಿಲ್ಲ. ಗ್ರೂಪಿನಿಂದಲೂ ಅವನ ನಂಬರನ್ನು ಅಡ್ಮಿನ್ ತೆಗೆದಿಲ್ಲ. ಅವರು ಮತ್ತೆ ಕೂಗಿದರು, "ಥರ್ಟಿ ಸೆವೆನ್." ಆಗ ಹಿಂದಿನಿಂದ, ಊಟದ ಹಾಲಿನ ಬಾಗಿಲ ಹತ್ತಿರದಿಂದ, ಬೇರೆಯದೇ ದನಿಯೊಂದು ಬಂತು: "ಪ್ರೆಸೆಂಟ್ ಸಾರ್."

ಮೇಷ್ಟ್ರು ಪೇಟವನ್ನು ಹಣೆಯಿಂದ ಮೇಲಕ್ಕೆ ದೂಡಿ ಆ ಕಡೆ ನೋಡಿದರು. "ಲೋ, ಕಿಟಕಿ ಪಕ್ಕದವನೇ, ಇನ್ನೂ ಬಿಟ್ಟಿಲ್ವೇನೋ ಪ್ರಾಕ್ಸಿ?" ಅಂದರು. ಇಡೀ ಬ್ಯಾಚಿಗೆ ನೆನಪಿಲ್ಲದವನನ್ನು ಅವರು ದನಿಯಿಂದಲೇ ಹಿಡಿದುಬಿಟ್ಟರು. ಕಾಗದದ ಮೇಲೆ ಮೂವತ್ತೇಳಕ್ಕೆ ಹಾಜರಿ ಹಾಕಿ ಮೂವತ್ತೆಂಟು ಕೂಗಿದರು. ಅಡ್ಮಿನ್ ಅಷ್ಟರಲ್ಲಿ ಒಳಗೆ ಹೋಗಿ ಎಲೆ ಹಾಕಿಸುತ್ತಿದ್ದ.

ಊಟಕ್ಕೆ ಬಫೆಯೋ ಎಲೆಯೋ ಅನ್ನುವ ಜಗಳ ಗ್ರೂಪಿನಲ್ಲಿ ತಿಂಗಳು ನಡೆದು ಎಲೆ ಗೆದ್ದಿತ್ತು. ಎದ್ದು ನಿಂತು ತಟ್ಟೆ ಹಿಡಿಯಲು ಮಂಡಿ ಬಿಡುವುದಿಲ್ಲ ಅನ್ನುವುದೇ ನಿರ್ಣಾಯಕ ವಾದ. ಕೋಸಂಬರಿ, ಪಲ್ಯ, ಆಂಬೊಡೆ, ಬಿಸಿಬೇಳೆಬಾತು, ಹೋಳಿಗೆ, ಕೊನೆಗೆ ಚಿರೋಟಿಗೆ ಬಾದಾಮಿ ಹಾಲು. ಬಂದವರಲ್ಲಿ ಮುಕ್ಕಾಲು ಪಾಲಿಗೆ ಸಕ್ಕರೆ ಕಾಯಿಲೆ. ಎಲ್ಲರೂ ಮಾತ್ರೆ ಜೇಬಲ್ಲಿಟ್ಟುಕೊಂಡು ಹೋಳಿಗೆ ಎರಡೆರಡು ಹಾಕಿಸಿಕೊಂಡರು. ಹೆಣ್ಣುಮಕ್ಕಳ ಪಂಕ್ತಿಯಲ್ಲಿ ಹತ್ತು ನಿಮಿಷಕ್ಕೇ ಸೊಸೆ, ಮಂಡಿ, ವಿಲ್ಲು, ಎಲ್ಲದರ ವಿಚಾರ ವಿನಿಮಯ ಮುಗಿದು ಒಬ್ಬರಿಗೊಬ್ಬರು ಡಾಕ್ಟರ ನಂಬರು ಕೊಟ್ಟಿದ್ದರು. ಗಂಡಸರ ಪಂಕ್ತಿಯಲ್ಲಿ ಇನ್ನೂ ಪೆನ್ಷನ್ ಎಷ್ಟು ಅನ್ನುವುದರ ಸುತ್ತಲೇ ತಿರುಗುತ್ತಿದ್ದರು, ಯಾರೂ ಅಂಕಿ ಬಿಟ್ಟುಕೊಡಲಿಲ್ಲ. ಕನಕಪುರ ರಸ್ತೆಯಲ್ಲಿ ಚದರಡಿ ರೇಟು ಎಷ್ಟಾಗಿದೆ ಅನ್ನುವುದನ್ನು ಮಾತ್ರ ಎಲ್ಲರೂ ಅಡ್ಮಿನ್ನನ್ನೇ ಕೇಳಿದರು.

ಅವನು ಊಟಕ್ಕೆ ಕೂರಲಿಲ್ಲ. ಕೈ ತೊಳೆಯುವ ಜಾಗದ ಪಕ್ಕ ನಿಂತು ಎಲೆ ಎಣಿಸುತ್ತಿದ್ದ. ಅಡುಗೆಯವರ ಜೊತೆ ಎಲೆ ಲೆಕ್ಕದ ಒಪ್ಪಂದ. ಸಂಜೆ ಅವರು ಎಂಬತ್ತೊಂದು ಅಂದರು, ಇವನು ಎಪ್ಪತ್ತಾರು ಅಂದ. ಅವರು ಡ್ರೈವರುಗಳನ್ನು ಲೆಕ್ಕಕ್ಕೆ ತಂದರು, ಇವನು ಡ್ರೈವರುಗಳನ್ನು ಹೆಸರು ಹಿಡಿದು ಹೇಳಿ ಅದೂ ಸೇರಿಯೇ ಎಪ್ಪತ್ತಾರು ಅಂದ. ಟೈಮ್ ಆಫೀಸಿನಲ್ಲಿ ಬೆಳೆದವನ ಹತ್ತಿರ ಅಡುಗೆಯವರ ಆಟ ನಡೆಯಲಿಲ್ಲ. ಫೋಟೊ ನಾಲ್ಕೂ ಕಾಲಿಗೆ ಅಂತಿದ್ದದ್ದು ನಾಲ್ಕು ಇಪ್ಪತ್ತೆಂಟಕ್ಕೆ ಮುಗಿಯಿತು; ಕೊನೆಯ ನಿಮಿಷದಲ್ಲಿ ವಿಚಾರವಾದಿಗಳು ಓಡಿ ಬಂದು ನಿಂತ ವೇಗ ನೋಡಬೇಕಿತ್ತು. ಫೋಟೊದಲ್ಲಿ ಅಡ್ಮಿನ್ ಇಲ್ಲ. ಅಡುಗೆಯವರಿಗೆ ಚೆಕ್ ಬರೆಯುತ್ತಿದ್ದ.

ಮಾರನೇ ದಿನ ಗ್ರೂಪಿನಲ್ಲಿ ಲೆಕ್ಕ ಬಂತು. ಹಾಲು, ಎಲೆ, ಶಾಲು, ಪೇಟ, ಟೀ ಶರ್ಟು, ಕ್ರಾಸಿನಿಂದ ಹಾಲಿಗೆ ಪೆಟ್ರೋಲು ಸೊನ್ನೆ. ಉಳಿಕೆ ₹1,860. ಅಲ್ಲಿಂದ ಎರಡನೇ ಪುನರ್ಮಿಲನ ಶುರು. ಒಬ್ಬ ಕಾಲೇಜಿನ ಲೈಬ್ರರಿಗೆ ಪುಸ್ತಕ ಕೊಡಿಸೋಣ ಅಂದ. ಒಬ್ಬಳು ಅನಾಥಾಶ್ರಮದಲ್ಲಿ ಒಂದು ಊಟ ಅಂದಳು. ರಿಟೈರ್ಡ್ ಡೆಪ್ಯುಟಿ ಕಮಿಷನರ್ ಸಂಘ ನೋಂದಾಯಿಸಿ ಬೈಲಾ ಮಾಡಬೇಕು ಅಂತ ಮೂರು ಪ್ಯಾರಾ ಬರೆದರು. ಬ್ಯಾಂಕಿನವರು ಫಿಕ್ಸೆಡ್ ಡಿಪಾಸಿಟ್ ಅಂದರು, ಯಾವ ಬ್ಯಾಂಕಿನಲ್ಲಿ ಅನ್ನುವ ಮೇಲೆ ಮೂವರು ಜಗಳಕ್ಕೆ ಬಿದ್ದರು. ಕ್ಯಾಲಿಫೋರ್ನಿಯಾದವನು "ಅದನ್ನ ಒಂದು ಲಕ್ಷಕ್ಕೆ ನಾನು ರೌಂಡ್ ಮಾಡ್ತೀನಿ" ಅಂದು ಆಮೇಲೆ ಆನ್‌ಲೈನಿಗೆ ಬರಲಿಲ್ಲ. ಚುನಾವಣೆ ಇಲ್ಲದೆಯೇ ಇಬ್ಬರು ಗ್ರೂಪ್ ಬಿಟ್ಟರು.

ವಾರವಿಡೀ ಅಡ್ಮಿನ್ ಮಾತಾಡಲಿಲ್ಲ. ಎಂಟನೇ ದಿನ ಅಡುಗೆಯವರ ರಸೀದಿಯ ಫೋಟೊ ಹಾಕಿದ: ಮುಂದಿನ ಆಷಾಢಕ್ಕೆ ಅಡ್ವಾನ್ಸ್, ₹1,860. "ಯಾರು ಹೇಳಿದ್ರು ನಿಂಗೆ ಕೊಡೋಕೆ?" ಅಂತ ಕೆರಳಿದ ಮೆಸೇಜುಗಳು ಬಂದು ಬಿದ್ದವು. ಅವನು ಯಾವುದಕ್ಕೂ ಉತ್ತರಿಸದೆ, "ಬರುವವರು ಕೆಳಗೆ ಹೆಸರು ಸೇರಿಸಿ ಫಾರ್ವರ್ಡ್ ಮಾಡಿ" ಅಂತ ಬರೆದು, ಒಂದನೇ ನಂಬರಿನ ಎದುರಿಗೆ ತನ್ನ ಹೆಸರು ಹಾಕಿದ. ರಾತ್ರಿ ಊಟದ ಹೊತ್ತಿಗೆ ಪಟ್ಟಿ ಹದಿನೇಳಕ್ಕೆ ಹೋಗಿತ್ತು. ಗ್ರೂಪ್ ಬಿಟ್ಟ ಇಬ್ಬರೂ ಅದರಲ್ಲಿದ್ದರು, ಇಬ್ಬರದೂ ಎಂಟನೇ ನಂಬರು.